ಹರಿದ ಅಂಚು

ಚಾವಣಿಯ ದೀಪಗಳು ಒಂದೊಂದಾಗಿ ತಲೆಯ ಮೇಲೆ ಹಿಂದಕ್ಕೆ ಹೋಗುತ್ತಿವೆ, ಅಲ್ಲ, ಹೋಗುತ್ತಿರುವವನು ನಾನು, ಸ್ಟ್ರೆಚರಿನ ಒಂದು ಚಕ್ರ ಕಿರ್ರೆನ್ನುತ್ತಿದೆ, ನನ್ನ ಮಿಷನ್ನಿನ ಪೆಡಲಿನ ಹಾಗೆಯೇ, ಎರಡು ಹನಿ ಎಣ್ಣೆ ಬಿಟ್ಟರೆ ಸಾಕು, ಯಾರಿಗೆ ಹೇಳುವುದು — ಯಾವ ಕಾಲು ಅಣ್ಣಾ? ನರ್ಸಮ್ಮ ಕೇಳುತ್ತಿರುವುದು ಇದು ಮೂರನೇ ಸಲ, ಎಡ ಎಂದೆ, ಕಾಗದ ನೋಡಿ ಗಾಬರಿಯಾದಳು, ಎಡಾನಾ? ಅಯ್ಯೋ ಬಲ, ಬಲ ತಾಯಿ, ಮೂವತ್ತು ವರ್ಷ ಬಟ್ಟೆ ಮಗುಚಿ ಗೆರೆ ಹಾಕಿದ ಟೈಲರ್ ನಾನು, ಒಳಮೈಯಲ್ಲಿ ಎಡ ಅಂದರೆ ಹೊರಮೈಯಲ್ಲಿ ಬಲ, ಸದ್ಯ, ಡಾಕ್ಟರಮ್ಮ ಬೆಳಿಗ್ಗೆಯೇ ನೇರಳೆ ಪೆನ್ನಿನಲ್ಲಿ ಗುರುತು ಹಾಕಿದ್ದಾರೆ, ಬಲ ಮಂಡಿಯ ಹಿಂದೆ, ಹಳೆಯ ಆಪರೇಷನ್ನಿನ ಕಲೆಯ ಸುತ್ತ, ಕಲೆ ಬೆರಳುದ್ದ, ಗೆರೆ ಅಂಗೈಯಗಲ, ಇಷ್ಟು ಯಾಕಮ್ಮಾ ಎಂದರೆ — ಸುತ್ತ ಒಳ್ಳೇ ಮಾಂಸಾನೂ ಸೇರಿಸಿ ತೆಗೀಬೇಕು, ಮೊದಲನೇ ಸಲ ಬರೀ ಗಂಟು ಕಿತ್ತಿದ್ದಾರೆ, ಸ್ವಲ್ಪ ಒಳಗೇ ಉಳ್ಕೊಂಡಿದೆ.

ಮೊದಲನೇ ಸಲ ನಮ್ಮ ಬೀದಿಯ ಡಾಕ್ಟರು, ನನ್ನ ಗಿರಾಕಿ, ಅವರ ಪ್ಯಾಂಟಿನ ಸೊಂಟ ಎರಡು ಸಲ ಬಿಚ್ಚಿ ಅಗಲ ಮಾಡಿಕೊಟ್ಟಿದ್ದೇನೆ, ಕೊಬ್ಬಿನ ಗಂಟು ಕಣ್ರೀ, ಹತ್ತು ನಿಮಿಷದ ಕೆಲಸ, ಹತ್ತೇ ನಿಮಿಷ ಹೌದು, ಬೋರಲು ಮಲಗಿದ್ದೆ, ಟ್ರೇ ತಂದು ಮೂಗಿನ ಹತ್ತಿರ ಹಿಡಿದರು, ನೋಡಿ ನಿಮ್ಮ ಆಸ್ತಿ, ನಿಂಬೆಹಣ್ಣಿನಷ್ಟಿತ್ತು, ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಹರಿದ ಅಂಚು, ಅದರಿಂದ ಬಿಳಿಯ ಎಳೆಯೊಂದು ಜೋತಿತ್ತು. ಕತ್ತರಿಸಿದ್ದು ಯಾವುದು ಹರಿದದ್ದು ಯಾವುದು ಎಂದು ಗೊತ್ತಾಗದವನಲ್ಲ ನಾನು, ಹರಿದ ತುಂಡು ಕಂಡರೆ ಉಳಿದದ್ದೆಲ್ಲಿ ಎಂದು ಕೈ ತಾನಾಗಿ ಹುಡುಕುತ್ತದೆ, ಬಾಯಿ ತೆರೆದೆ ಕೂಡ, ಮುಚ್ಚಿಕೊಂಡೆ, ಅವರು ಡಾಕ್ಟರು. ಇವಳು, ನನ್ನ ಹೆಂಡತಿ, ಬಾಗಿಲಲ್ಲಿ ನಿಂತೇ ಕೇಳಿದಳು, ಪರೀಕ್ಷೆಗೆ ಕಳಿಸ್ಬೇಕಾ ಡಾಕ್ಟ್ರೇ? ಅವರು ನಕ್ಕರು, ಏನೂ ಬೇಡಮ್ಮ. ನಾನು, ಕಣ್ಣಾರೆ ಕಂಡವನು, ಸುಮ್ನಿರೇ ನೀನು, ನಿಂಗೇನು ಗೊತ್ತು ಎಂದೆ. ಟ್ರೇ ಬಕೆಟ್ಟಿಗೆ ಮಗುಚಿತು. ಏಳು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಗಂಟು, ಈ ಸಲ ಕಲ್ಲಿನಷ್ಟು ಗಟ್ಟಿ, ಈ ದೊಡ್ಡಾಸ್ಪತ್ರೆಗೆ ಬಂದರೆ ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದರು, ಕ್ಯಾನ್ಸರ್ ಎಂದರು, ಇಪ್ಪತ್ತೈದು ದಿನ ಕರೆಂಟು, ಅದೇ ರೇಡಿಯೇಷನ್ನು, ಕೊಟ್ಟರು, ಇಪ್ಪತ್ತೈದು ದಿನವೂ ಇವಳು ಬಸ್ಸಿನಲ್ಲಿ ಪಕ್ಕದಲ್ಲಿ ಕೂತಳು, ನಾನಾಗ್ಲೇ ಹೇಳ್ಲಿಲ್ವಾ ಎಂದು ಒಂದು ದಿನವೂ ಅನ್ನಲಿಲ್ಲ, ಅಂದುಬಿಟ್ಟಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹತ್ತರಲ್ಲಿ ಒಂಬತ್ತು ಜನರ ಕಾಲು ಉಳಿಯುತ್ತೆ, ಡಾಕ್ಟರಮ್ಮನ ಲೆಕ್ಕ, ನರಕ್ಕೆ ಸುತ್ಕೊಂಡಿದ್ರೆ ಮಾತ್ರ ತೆರೆದು ನೋಡಿದ ಮೇಲೆ ಹೇಳ್ಬೇಕು, ಕಾಲು ತೆಗೆಯುವುದಕ್ಕೂ ರುಜು ಹಾಕಿಸಿಕೊಂಡರು. ಹತ್ತು ಅಂಗಿ ಹೊಲಿದು ಒಂದು ಕೆಡಿಸಿದರೆ ಆ ಒಂದರ ಯಜಮಾನ ಬಂದು ಒಂಬತ್ತು ಚೆನ್ನಾಗಿವೆಯಲ್ಲ ಅನ್ನುತ್ತಾನೆಯೇ? ಇವಳು ಹೊರಗೆ ಹೇಳುತ್ತಿದ್ದಳು, ಮಿಷನ್ನಿಗೆ ಮೋಟರ್ ಹಾಕಿಸೋಣ ಬಿಡಿ — ಅದಕ್ಕೂ ಕಾಲಲ್ಲೇ ಒತ್ತಬೇಕಲ್ಲೇ — ಎಡಗಾಲು ಇಲ್ವಾ? ನಕ್ಕಳು, ಸೆರಗು ಬಾಯಿಗೆ ಒತ್ತಿಕೊಂಡಳು. ಭಯವಾಗುತ್ತಿದೆ ಕಣೇ, ಅದನ್ನೂ ನಿನಗೆ ಹೇಳಲಿಲ್ಲ.

ತಣ್ಣಗಿದೆ ಈ ಕೋಣೆ, ಹಸಿರು ಬಟ್ಟೆಯವರೆಲ್ಲ ಒಂದೇ ಅಳತೆಯವರ ಹಾಗೆ ಕಾಣುತ್ತಾರೆ, ನಿದ್ದೆ ಬಂದ ಮೇಲೆ ಬೋರಲು ಹಾಕ್ತೀವಿ ಎಂದರು ಅವರಲ್ಲೊಬ್ಬರು, ಅಂದರೆ ಮತ್ತೆ ಅಂದಿನ ಹಾಗೆಯೇ — ತಾಳಿ, ಹರಿದ ಕಡೆ ಯಾವುದು ಎಂದು ನೆನಪಾದರೆ ಉಳಿದದ್ದು ಎಲ್ಲಿದೆ ಎಂದು ಇವರಿಗೆ ಹೇಳಬಹುದಲ್ಲ, ಟ್ರೇಯಲ್ಲಿ ಎಳೆ ನನ್ನ ಎಡಕ್ಕೆ ಜೋತಿತ್ತು, ಆದರೆ ಡಾಕ್ಟರು ಎದುರಿಗೆ ನಿಂತು ಹಿಡಿದಿದ್ದರು, ಅವರಿಗದು ಬಲ, ಗಂಟನ್ನು ಮಗುಚಿ ಇಟ್ಟಿದ್ದರೆ ಮತ್ತೆ ಎಡ, ನರ ಇರುವುದು ಯಾವ ಕಡೆ, ಅಮ್ಮಾ, ಆ ಎಳೆ — ಯಾವ ಎಳೆ ಅಣ್ಣಾ? ಉಸಿರು ಜೋರಾಗಿ ಎಳ್ಕೊಳ್ಳಿ — ಇವಳನ್ನು ಕರೀರಿ, ಅವತ್ತು ಬಾಗಿಲಲ್ಲೇ ನಿಂತಿದ್ದಳು, ಅವಳಿಗೆ ಸರಿಯಾಗಿ ಕಂಡಿರುತ್ತದೆ, ಕೇಳಿ, ಈ ಸಲ ಅವಳ ಮಾತು ಕೇಳಿ, ಎಡ, ಅಲ್ಲ ಬಲ, ಮಗುಚಿದರೆ, ಟ್ರೇ, ಹರಿದ ಅಂಚು, ಬಿಳಿಯ ಎಳೆ, ತೂಗುತ್ತಿದೆ, ಆ ಎಳೆ