ಎರಡು ಮೈದಾನ, ನಾಲ್ಕು ಗಂಟೆ

ಗಂಡನ ಹಣೆಗೆ ನಾಮ ತಿದ್ದುತ್ತಿದ್ದ ಲಕ್ಷ್ಮೀದೇವಿಯ ಬೆರಳು, ಶಾಮಿಯಾನದ ಆಚೆ ಯಾರೋ “ಇವತ್ತಿನ ಆಟ ಕ್ಯಾನ್ಸಲ್” ಎಂದದ್ದು ಕೇಳಿ ಅಲ್ಲೇ ನಿಂತಿತು.

ಹಾಗೆಂದವರು ನಂದೀಶ್ವರಯ್ಯ. ಮಧುಗಿರಿ ಪೇಟೆಯಲ್ಲಿ ಗೊಬ್ಬರದಂಗಡಿ ಇಟ್ಟವರು, ನಾಲ್ಕು ತಾಲ್ಲೂಕುಗಳ ಫುಟ್‌ಬಾಲ್ ಲೀಗಿನ ಅಧ್ಯಕ್ಷರು. ಮಂಚದ ಮೇಲೆ ಮಲಗಿದ್ದ ಗಂಗಹನುಮಯ್ಯ ಹದಿನೆಂಟು ವರ್ಷ ಆ ಲೀಗಿನ ಕಾರ್ಯದರ್ಶಿ. ಶನಿವಾರ ಸಂಜೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಗೋಡೆಗೆ ಒರಗಿದ್ದರು, ಮತ್ತೆ ಏಳಲಿಲ್ಲ. ಇವತ್ತು ಭಾನುವಾರ, ಲೀಗಿನ ಕೊನೆಯ ಸುತ್ತು.

“ಹೆಣ ಎತ್ತಿದ ದಿನವೇ ಚೆಂಡು ಒದಿಯಾಕಾಯ್ತದಾ?” ನಂದೀಶ್ವರಯ್ಯ ಹೇಳುತ್ತಿದ್ದರು. “ಸಿರಾದಾಗೆ ಬೇಕಾರೆ ಆಡ್ಕಳ್ಳಲಿ. ಇದು ಗಂಗಹನುಮಯ್ಯನೋರ ಊರು, ಇಲ್ಲಿ ಬ್ಯಾಡ. ತಿರುಮಣಿಯೋರು ಮುಂದಿನ ಭಾನುವಾರ ಬಂದು ನಮ್ ಮಧುಗಿರಿ ಮ್ಯಾಲೆ ಆಡ್ಲಿ.”

“ಅದೆಂಗಾಯ್ತದೆ ಸಾರ್?” ಎಂದ ಅಂಬರೀಶ್. ಕೊರಟಗೆರೆ ಕಡೆಯ ತೋವಿನಕೆರೆಯಲ್ಲಿ ಮೇಷ್ಟ್ರು, ಅಲ್ಲಿನ ತಂಡದ ಮ್ಯಾನೇಜರ್. “ನಮ್ದೂ ತಿರುಮಣಿದೂ ಹನ್ನೊಂದೇ ಪಾಯಿಂಟು. ಇಬ್ಬರಲ್ಲಿ ಒಬ್ರು ಕೆಳಗಿನ ಡಿವಿಷನ್‌ಗೆ ಇಳೀಬೇಕು. ನಾವು ಇವತ್ತೇ ಸಿರಾದಾಗೆ ಬುಕ್ಕಾಪಟ್ಟಣದ ಮ್ಯಾಲೆ ಆಡಿ ಮುಗಿಸ್ಬುಟ್ರೆ, ಎಷ್ಟು ಗೋಲು ಹೊಡುದ್ರೆ ಸಾಕು ಅಂತ ಇವರು ಒಂದು ವಾರ ಕೂತ್ಕಂಡು ಯೋಚ್ನೆ ಮಾಡ್ತಾರೆ.”

“ಅಂಗಾರೆ ಎರಡೂ ಬ್ಯಾಡ ಬುಡಪ್ಪ. ಇವತ್ತಿಗೆ ಪಟ್ಟೀಲಿ ಯಾರು ಕೊನೇಲವ್ರೋ ಅವ್ರು ಇಳೀಲಿ.”

ಕೊನೆಯಲ್ಲಿದ್ದದ್ದು ತಿರುಮಣಿ. ಪಾಯಿಂಟು ಸಮವಿದ್ದರೂ ಬಿಟ್ಟುಕೊಟ್ಟ ಗೋಲು ಎರಡು ಹೆಚ್ಚು. ಆ ತಂಡದ ಕ್ಯಾಪ್ಟನ್ ಅಂಜನ್ ಕುಮಾರ್ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಫಲಕ ತೊಳೆಯುವ ಕೆಲಸದವನು. ಸುದ್ದಿ ತಿಳಿದು, ಹದಿನಾರು ಜನರನ್ನು ಎರಡು ವ್ಯಾನಿಗೆ ತುಂಬಿಕೊಂಡು ಬೆಳಕು ಹರಿಯುವ ಮೊದಲೇ ಹೊರಟು ಬಂದಿದ್ದ. ಹಾರ ಹಾಕಿ ಕಂಬಕ್ಕೆ ಒರಗಿ ನಿಂತಿದ್ದವನು ಈಗ ನೆಟ್ಟಗಾಗಿ, ತನ್ನ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದ.

“ಸಾರು ಪೋಯಿನಾರು ಅಂತ ನಮ್ಮುನ್ನ ಕೆಳುಕ್ಕೆ ತಳ್ತೀರಾ ಅಣ್ಣಾ? ಇದೇಂ ನ್ಯಾಯಂ?”

ಲಕ್ಷ್ಮೀದೇವಿ ನಾಮದ ಕೊನೆಯ ಗೆರೆ ಎಳೆದು ಮುಗಿಸಿದಳು. ಗೆರೆ ಸೊಟ್ಟಗಾಗಲಿಲ್ಲ.

*

ಗಂಗಹನುಮಯ್ಯ ಹುಟ್ಟಿದಾಗಿನಿಂದ ಚೆಂಡು ಒದ್ದವರಲ್ಲ. ಮಧುಗಿರಿ ಬಸ್ ನಿಲ್ದಾಣದಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಬರೆಯುವುದು ಅವರ ಉದ್ಯೋಗ. ಒಂದು ಭಾನುವಾರ ಹನ್ನೊಂದು ಗಂಟೆಗೆ ಪಾವಗಡದ ಹುಡುಗರ ಗುಂಪೊಂದು ನಿಲ್ದಾಣದ ಕಟ್ಟೆಯ ಮೇಲೆ ಸುಮ್ಮನೆ ಕೂತಿತ್ತು. ಮೊದಲ ಬಸ್ಸಿಗೆ ಬಂದು, ಟೂರ್ನಮೆಂಟಿನ ಮೊದಲ ಆಟದಲ್ಲೇ ಸೋತು, ಅಲ್ಲಿಗೆ ಆ ವರ್ಷದ ಫುಟ್‌ಬಾಲ್ ಮುಗಿಸಿಕೊಂಡವರು.

ಅವತ್ತು ಊಟಕ್ಕೆ ಕೂತಾಗ ಅವರು ಹೆಂಡತಿಗೆ ಹೇಳಿದ್ದು ಇಷ್ಟೇ: “ಒಂದು ಗಂಟೆ ಆಟಕ್ಕೆ ಒಂದು ವರ್ಷ ಕಾಯ್ಬೇಕಂತೆ ಕಣೆ. ಸೋತೋರ್ಗೂ ಮುಂದಿನ ಭಾನುವಾರ ಆಟ ಇರಬ್ಯಾಡ್ವಾ?”

ಹಳೆಯ ವೇಳಾಪಟ್ಟಿಯ ಹಿಂಬದಿಯಲ್ಲಿ ಬರೆಯುತ್ತ ಕೂತರು. ಎಂಟು ತಂಡ. ಪ್ರತಿ ತಂಡವೂ ಉಳಿದ ಏಳರ ಜೊತೆ ಎರಡೆರಡು ಸಲ, ಒಮ್ಮೆ ತನ್ನೂರಲ್ಲಿ, ಒಮ್ಮೆ ಅವರೂರಲ್ಲಿ. ಹದಿನಾಲ್ಕು ಭಾನುವಾರ. ಗೆದ್ದರೆ ಮೂರು ಪಾಯಿಂಟು, ಸಮವಾದರೆ ಒಂದು. ಸಿರಾದವರೂ ಮಧುಗಿರಿಯವರೂ ಆಡುವಾಗ ರೆಫರಿ ಕೊರಟಗೆರೆಯವನಾಗಿರಬೇಕು. ಒಬ್ಬ ಆಟಗಾರನ ಹೆಸರು ಒಂದೇ ತಂಡದಲ್ಲಿರಬೇಕು. ಎಲ್ಲಕ್ಕಿಂತ ಮೇಲಿನ ನಿಯಮ ಅವರ ಕಸುಬಿನದು: ಆಟ ಮುಗಿಸಿದವರಿಗೆ ಊರು ಸೇರುವ ಬಸ್ಸು ಸಿಗಬೇಕು, ಇಲ್ಲದಿದ್ದರೆ ಆ ಆಟವನ್ನು ಪಟ್ಟಿಗೇ ಹಾಕಬಾರದು.

ನಾಲ್ಕನೇ ವರ್ಷಕ್ಕೆ ಹದಿನಾರು ತಂಡವಾಯಿತು. ಮೇಲೊಂದು, ಕೆಳಗೊಂದು ಡಿವಿಷನ್ ಮಾಡಿದರು. ಮೇಲಿನ ಕೊನೆಯವರು ಇಳಿಯಬೇಕು, ಕೆಳಗಿನ ಮೊದಲಿಗರು ಹತ್ತಬೇಕು. ಒಂದು ವರ್ಷ ಮಧುಗಿರಿಯೇ ಇಳಿಯಬೇಕಾಗಿ ಬಂದಾಗ, ಈ ಸಲ ಮಾತ್ರ ಒಂಬತ್ತು ತಂಡ ಮಾಡಿಬಿಡಿ ಎಂದು ಪೇಟೆಯ ಹಿರಿಯರೆಲ್ಲ ಮನೆಗೆ ಬಂದು ಕೂತರು. ಗಂಗಹನುಮಯ್ಯ ಅವರಿಗೆ ಕಾಫಿ ಕೊಡಿಸಿ, ಮಧುಗಿರಿಯನ್ನು ಇಳಿಸಿದರು. ಮುಂದಿನ ವರ್ಷ ಅದು ಗೆದ್ದು ಮೇಲೆ ಬಂತು.

*

ಲಕ್ಷ್ಮೀದೇವಿ ಕೂತಲ್ಲಿಂದಲೇ ಕರೆದಳು. “ನಂದೀಶಣ್ಣ, ಒಂದೀಟು ಇತ್ಲಾಗೆ ಬರ್ರಿ.”

ಮೂವರೂ ಬಂದು ಮಂಚದ ಬಳಿ ನಿಂತರು.

“ಮಧ್ಯಾಹ್ನ ಒಂದರೊಳ್ಗೆ ಮಣ್ಣಾಯ್ತದೆ. ಆಟ ನಾಲ್ಕಕ್ಕೆ. ಇಲ್ಲೂ ನಾಲ್ಕು, ಸಿರಾದಾಗೂ ನಾಲ್ಕು. ಯಾವುದೂ ನಿಲ್ಲಾಕಿಲ್ಲ, ಯಾವುದೂ ಮುಂದಕ್ಕೋಗಾಕಿಲ್ಲ.”

“ತಾಯಿ, ದುಃಖದಾಗಿದೀರಿ,” ನಂದೀಶ್ವರಯ್ಯ ಮೆತ್ತಗೆ ಹೇಳಿದರು. “ಲೀಗಿನ ವಿಷ್ಯ ನಿಮಗೆ ತಿಳಿಯಾಕಿಲ್ಲ. ಅದ್ರಾಗೆ ಎಷ್ಟೋ ರೂಲ್ಸು ಇರ್ತವೆ.”

“ಕೊನೇ ಸುತ್ತು ಎಲ್ಲಾ ಮೈದಾನದಾಗೂ ಒಂದೇ ಹೊತ್ಗೆ ಶುರುವಾಗ್ಬೇಕು. ಹದಿನೇಳ್ನೇ ರೂಲು. ಹೋದ್ವರ್ಷ ನೀವೇ ಸೈನ್ ಹಾಕಿದ್ದೀರಿ.”

ತಾಯಿಯ ಬೆನ್ನ ಹಿಂದೆ ಕೂತಿದ್ದ ಮಗಳು ಶ್ರೀಲತಾ ಹೇಳಿದಳು: “ಎರಡು ವರ್ಷದಿಂದ ಪಟ್ಟಿ ಬರೀತಿರೋದು ಅಮ್ಮ. ಅಪ್ಪಂಗೆ ಕಣ್ಣು ಕಾಣ್ತಿರಲಿಲ್ಲ.”

*

ಸಕ್ಕರೆ ಕಾಯಿಲೆ ಮೊದಲು ಬಲಗಣ್ಣು ತಿಂದಿತ್ತು, ಆಮೇಲೆ ಎಡಗಣ್ಣು. ದಿನಾ ನಡೆದ ದಾರಿಯಾದ್ದರಿಂದ ಮೈದಾನಕ್ಕೆ ಹೋಗಿಬರುತ್ತಿದ್ದರು. ಯಾರಿಗೂ ಅನುಮಾನ ಬರಲಿಲ್ಲ. ಮನೆಯಲ್ಲಿ ಅವರು ಹೇಳುತ್ತಿದ್ದರು, ಲಕ್ಷ್ಮೀದೇವಿ ಬರೆಯುತ್ತಿದ್ದಳು. ಆರು ತಿಂಗಳು ಹೇಳಿದ್ದನ್ನಷ್ಟೇ ಬರೆದಳು. ಆಮೇಲೆ ಪೆನ್ನು ಎತ್ತಿ ಹಿಡಿದು ಕೇಳತೊಡಗಿದಳು.

“ತಿರುಮಣಿಯೋರ್ನ ಎರಡು ವಾರ ಒಂದೇ ಸಮ ಸಿರಾಕ್ಕೆ ಕಳಿಸಿದ್ದೀರಲ್ಲ, ಆ ಹುಡುಗ್ರು ಶನಿವಾರ ಶಿಫ್ಟು ಮುಗಿಸ್ಕಂಡು ಬರೋದಲ್ವಾ?”

“ತಿದ್ದು,” ಎನ್ನುತ್ತಿದ್ದರು.

ಹೋದ ವರ್ಷ ಕೊನೆಯ ಸುತ್ತಿನ ಆಟಗಳನ್ನು ಬಸ್ಸಿಗೆ ತಕ್ಕಂತೆ ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ಇಟ್ಟಿದ್ದರು. ಬೆಳಗಿನ ಫಲಿತಾಂಶ ತಿಳಿದ ಸಂಜೆಯ ಎರಡು ತಂಡಗಳು, ಸಮವಾದರೆ ಇಬ್ಬರೂ ಉಳಿಯುತ್ತೇವೆಂದು ತೊಂಬತ್ತು ನಿಮಿಷ ಚೆಂಡನ್ನು ಮೈದಾನದ ನಡುವೆಯೇ ಉರುಳಾಡಿಸಿದವು. ಗಂಗಹನುಮಯ್ಯನವರಿಗೆ ಅದು ಕಾಣಲಿಲ್ಲ, ಜನ ಕೂಗಿದ್ದು ಕೇಳಿಸಿತು. ಮನೆಗೆ ಬಂದು ತಟ್ಟೆ ಮುಂದೆ ಕೂತರು.

“ಕೊನೇ ದಿನ ಎಲ್ಲಾ ಕಡೇನೂ ಒಂದೇ ಹೊತ್ಗೆ ಶುರು ಮಾಡ್ಸಿ,” ಎಂದಳು ಲಕ್ಷ್ಮೀದೇವಿ. “ಬಸ್ಸಿಲ್ದೋರಿಗೆ ಲೀಗಿನೋರೇ ವ್ಯಾನ್ ಮಾಡ್ಲಿ. ಅವ್ರ ಗೋಲು ಇವ್ರಿಗೆ ತಿಳೀಕೂಡದು.”

ಅವರು ಬಹಳ ಹೊತ್ತು ಅನ್ನ ಕಲಸಿದರು. “ಬರಿ,” ಎಂದರು. “ನಿನ್ ಹೆಸರು ಹೇಳ್ತೀನಿ ಎಲ್ರಿಗೂ. ಮುಂದಿನ ಸೀಸನ್ ಮುಗೀಲಿ.”

*

“ತಿರುಮಣಿಯೋರಿಗೆ ಶನಿವಾರದ ಶಿಫ್ಟು ಅಂತ ಸಾರ್‌ಗೆ ಹೆಂಗೆ ಗೊತ್ತಾಯ್ತು ಅಂದ್ಕಂಡಿದ್ವಿ ನಾವು,” ಎಂದ ಅಂಬರೀಶ್. ಆಮೇಲೆ ಅವಳನ್ನೇ ನೋಡಿ, “ನಾವು ನಾಲ್ಕಕ್ಕೆ ಸಿರಾದಾಗಿರ್ತೀವಿ ಮೇಡಂ.”

ನಂದೀಶ್ವರಯ್ಯ ಟವೆಲಿನಿಂದ ಮುಖ ಒರೆಸಿಕೊಂಡರು. “ಜನ ಏನಂತಾರೋ ತಾಯಿ.”

“ಅನ್ನಲಿ. ಸಾವು ಕ್ಯಾಲೆಂಡರ್ ನೋಡ್ಕಂಡು ಬರಾಕಿಲ್ಲ ನಂದೀಶಣ್ಣ. ಆಟ ಕ್ಯಾಲೆಂಡರ್ ನೋಡ್ಕಂಡೇ ಇಟ್ಟಿರೋದು. ರೆಫರಿ ಚನ್ನಮಲ್ಲಯ್ಯಂಗೆ ಫೋನ್ ಮಾಡ್ರಿ, ಮೂರೂವರೆಗೆ ಮೈದಾನದಾಗಿರಲಿ.”

ನಂದೀಶ್ವರಯ್ಯ ಜೇಬಿನಿಂದ ಫೋನು ತೆಗೆದರು.

ಹನ್ನೆರಡಕ್ಕೆ ಚಟ್ಟ ಎತ್ತಿದರು. ಮುಂದೆ ತಿರುಮಣಿಯ ಇಬ್ಬರು, ಹಿಂದೆ ತೋವಿನಕೆರೆಯ ಇಬ್ಬರು ಹೆಗಲು ಕೊಟ್ಟರು. ತಮಟೆಯ ಸದ್ದು ಕೆರೆ ಏರಿಯ ತಿರುವಿನಲ್ಲಿ ಸಣ್ಣದಾಗುವವರೆಗೂ ಲಕ್ಷ್ಮೀದೇವಿ ಬಾಗಿಲಲ್ಲೇ ನಿಂತಿದ್ದಳು. ಆಗ ಮಾತ್ರ ಅವಳಿಗೆ ಅಳು ಬಂತು, ತಡೆಯಲಾಗದಂತೆ. ಶ್ರೀಲತಾ ಒಳಗೆ ಕರೆದೊಯ್ದಳು. ಹೆಂಗಸರು ಬಿಂದಿಗೆಗಟ್ಟಲೆ ನೀರು ಸುರಿದು ಮನೆ, ಅಂಗಳ ಎಲ್ಲ ತೊಳೆದರು. ಶವವಿಟ್ಟಿದ್ದ ಜಾಗದಲ್ಲಿ ದೀಪ ಹಚ್ಚಿದರು.

ಮಣ್ಣು ಕೊಟ್ಟು, ಮಿಂದು ಬಂದವರು ಆ ದೀಪ ನೋಡಿಕೊಂಡು ಹೊರಟರು. ಎಲ್ಲರಿಗಿಂತ ಕೊನೆಗೆ ತಿರುಮಣಿಯವರು ಬಂದರು, ಆಗಲೇ ಕೆಂಪು ಜೆರ್ಸಿ ತೊಟ್ಟಿದ್ದರು. ಒಬ್ಬೊಬ್ಬರಾಗಿ ಕೈಮುಗಿದು, ಹೊಸ್ತಿಲ ಬಳಿ ಬೂಟು ತೊಟ್ಟು ಹೋದರು.

ಆರೂಕಾಲಿಗೆ ಅಂಜನ್ ಕುಮಾರ್ ಫೋನು ಮಾಡಿದ.

“ಅಮ್ಮಾ, ನಮ್ದು ಎರಡು, ಮಧುಗಿರಿ ಎರಡು. ಸಿರಾದಾಗೂ ಸಮ ಅಂತೆ. ಗೋಲಿನ ಮ್ಯಾಲೆ ನಾವು ಕೆಳುಕ್ಕೆ ಹೋದ್ವಿ.”

“ನಂದೀಶಣ್ಣ ಹೇಳಿದ್ದೇ ಆಯ್ತಲ್ಲಪ್ಪ.”

“ಕಾದಮ್ಮಾ. ಅಂಗಲ್ಲ.” ಅವನಿಗೆ ಇನ್ನೂ ಏದುಸಿರು. “ಅವ್ರು ತಳ್ತಿದ್ರು. ನಾವು ಆಡಿ ಇಳುದ್ವಿ. ಕೊನೇ ಹತ್ತು ನಿಮಿಷ ನೀವು ನೋಡ್ಬೇಕಿತ್ತು, ಅವರ ಗೋಲ್ ಕಂಬಕ್ಕೆ ಎರಡು ಸಲ ಹೊಡುದ್ವಿ.”

“ವ್ಯಾನಿನಾಗೆ ಮಡಕಶಿರಾ ದಾರಿ ಹಿಡೀಬ್ಯಾಡ್ರಿ, ರಸ್ತೆ ಅಗೆದವ್ರೆ,” ಎಂದಳು ಲಕ್ಷ್ಮೀದೇವಿ. “ನಿಧಾನಕ್ಕೆ ಹೋಗ್ರಿ.”

ಫೋನಿಟ್ಟು ಹೊರಗೆ ಬಂದಳು. ಪಕ್ಕದ ಮನೆಯ ಕೆಂಚಮ್ಮ ಪೊರಕೆ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದಳು. “ಎಷ್ಟು ಕೆಸರು ಮಾಡ್ಬುಟ್ಟವ್ರೆ ನೋಡಮ್ಮ. ಗುಡಿಸಿಬುಡ್ತೀನಿ.”

ತೊಳೆದ ನೀರಿಗೆ ಮೆತ್ತಗಾಗಿದ್ದ ಮಣ್ಣು ಬಿಸಿಲಿಗೆ ಆರಿ ಗಟ್ಟಿಯಾಗಿತ್ತು. ಬರಿಗಾಲಿನ ಹೆಜ್ಜೆಗಳ ನಡುವೆ ಆಟದ ಬೂಟಿನ ಗುರುತುಗಳು, ಹೆಜ್ಜೆಗೆ ಹತ್ತು ಹನ್ನೆರಡು ಪುಟ್ಟ ಗುಳಿ. ಹದಿನಾರು ಜೊತೆ, ಹೊಸ್ತಿಲಿನಿಂದ ಹೊರಟು, ಗೇಟು ದಾಟಿ, ಮೈದಾನದ ಕಡೆಗೆ ತಿರುಗಿದ್ದವು.

“ಇರ್ಲಿ ಬುಡು ಕೆಂಚಮ್ಮ,” ಎಂದು ಲಕ್ಷ್ಮೀದೇವಿ ಮೆಟ್ಟಿಲ ಮೇಲೆ ಕೂತಳು.