ಕೆಂಪು ಸಿಗ್ನಲ್ಲಿನಲ್ಲಿ ನಿಂತ ಗೇಣುದ್ದದ ರೈಲು

ಊರಿಗೆ ಬಂದ ರೈಲು ಸ್ಟೇಷನ್ನಿಗೆ ಬಾರದೆ ಇದ್ದೀತೆ? ಇದ್ದೀತು. ಹದಿನಾಲ್ಕು ತಿಂಗಳು ಇತ್ತು. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಲ್ಲ, ನಂಬಿ.

ರೈಲೆಂದರೆ ಗೇಣುದ್ದದ್ದು, ಊರೆಂದರೆ ಒಂದು ಪ್ಲೈವುಡ್ ಹಲಗೆ. ರೈಲ್ವೆ ಗಾರ್ಡಾಗಿದ್ದು ನಿವೃತ್ತರಾದ ಭಾವ ಅದನ್ನು ಮಲಗುವ ಕೋಣೆಯಲ್ಲಿ, ಅಕ್ಕನ ಮಂಚವಿದ್ದ ಜಾಗದಲ್ಲೇ ಹಾಕಿದ್ದರು. ಅಂಟಿನಲ್ಲಿ ನೆನೆಸಿದ ಹಳೇ ಪೇಪರಿನ ಗುಡ್ಡ, ಮರದ ಹೊಟ್ಟಿಗೆ ಬಣ್ಣ ಕಲಸಿದ ಹುಲ್ಲು, ಬೆಂಕಿಕಡ್ಡಿಯ ಬೇಲಿ. ಕೋಣೆಯಲ್ಲಿ ಉಳಿದದ್ದು ಒಬ್ಬರು ಅಡ್ಡಡ್ಡ ನುಸುಳುವಷ್ಟು ಜಾಗ. ಸ್ಟೇಷನ್ನಿನ ಗಡಿಯಾರಕ್ಕೆ ಮುಳ್ಳು ಸಹ ಇತ್ತು. ರೈಲು ಮಾತ್ರ ಊರಾಚೆ ಕೆಂಪು ಸಿಗ್ನಲ್ಲಿನ ಮುಂದೆ ಧೂಳು ತಿನ್ನುತ್ತ ನಿಂತಿತ್ತು.

ಹಾಸಿಗೆ ಹಿಡಿದಿದ್ದ ಅಕ್ಕ ತೀರಿಕೊಂಡ ದಿನ ಭಾವನ ರೈಲೂ ಅಂಥದೇ ಸಿಗ್ನಲ್ಲಿನಲ್ಲಿ ನಿಂತಿತ್ತು, ನಲವತ್ತು ನಿಮಿಷ. ಗಾರ್ಡಾದವನು ರೈಲು ಬಿಟ್ಟು ಇಳಿದು ಓಡುವಂತಿಲ್ಲ. ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಒಂದ್ಸಲ ಸ್ವಿಚ್ ಒತ್ತಿ ಭಾವ, ಓಡ್ಲಿ," ಎಂದು ಅಕ್ಕನ ತಮ್ಮ ದಿನಾ ಗೋಗರೆಯುತ್ತಿದ್ದ.

"ಕಾಯ್ತಾ ಕಾಯ್ತಾನೇ ಹೋದ್ಳಲ್ಲೋ. ಇನ್ಯಾರಿಗೋಸ್ಕರ ಬರ್ಬೇಕು ಅದು?" ಎಂದು ಭಾವ ಇನ್ನೊಂದು ಮರ ನೆಡುತ್ತಿದ್ದರು. ಊಟ ಅರ್ಧ, ಮಾತು ಕಾಲು. ಅಂಗಿ ಮೈಮೇಲಲ್ಲ, ಗೂಟದ ಮೇಲೆ ನೇತಾಡಿದಂತಿತ್ತು.

ಈ ಭಾವಮೈದನನ್ನು ಎಲ್ಲರೂ ಕರೆಯುತ್ತಿದ್ದದ್ದು ಗಿಳಿ ಎಂದು. ಕುಕ್ಕರಿನ ಸೀಟಿಯಿಂದ ಹಿಡಿದು ಆಫೀಸಿನ ಸಾಹೇಬರ ಕೆಮ್ಮಿನವರೆಗೆ ಅವನ ಗಂಟಲಿಗೆ ಬಾರದ್ದಿಲ್ಲ. ಮುಟ್ಟದೆ ಬಿಟ್ಟದ್ದು ಅಕ್ಕನ ದನಿ ಒಂದನ್ನೇ. ಒಂದು ಮಧ್ಯಾಹ್ನ ಅದನ್ನೂ ಮುಟ್ಟಿದ. ಹಲಗೆಯಡಿ ವೈರುಗಳ ನಡುವೆ ಮುದುರಿ ಕೂತು, ಭಾವ ಬಂದು ಸ್ಟೂಲಿನ ಮೇಲೆ ಕೂರುತ್ತಲೇ ಅಕ್ಕನಾಗಿ ಕೂಗಿದ:

"ಏನ್ರೀ, ಇನ್ನೂ ಸಿಗ್ನಲ್ ಹತ್ರಾನೇ ಇದೀರಾ? ಕಾದೂ ಕಾದೂ ಊಟ ಆರಿಹೋಯ್ತು. ನಾನೂ ಉಂಡಿಲ್ಲ!"

ಮೇಲೆ ಬ್ರಷ್ಷು ಬಿದ್ದ ಸದ್ದು. ಆಮೇಲೆ ಸದ್ದೇ ಇಲ್ಲ. ಗಿಳಿ ಹಲಗೆಗೆ ಕಿವಿ ಹಚ್ಚಿದ. ತಮಾಷೆಗೆ ಹೋಗಿ ಭಾವನನ್ನೂ ಅಕ್ಕನ ಹಿಂದೆಯೇ ಕಳಿಸಿಬಿಟ್ಟೆನೇ?

"ಲೋ ಗಿಳಿ. ಆಚೆ ಬಾ."

ಬಂದ. ಮುಖ ಎತ್ತಲಿಲ್ಲ.

"ದನಿ ಸರಿಯಾಗಿದೆ ಕಣೋ. ಮಾತು ತಪ್ಪು. ನಿಮ್ಮಕ್ಕ ಯಾವತ್ತು ನಂಗೋಸ್ಕರ ಉಣ್ಣದೆ ಕೂತಿದ್ಳು? ಹೊತ್ತಾಯ್ತು ಅಂದ್ರೆ ಉಂಡು, ತಟ್ಟೆ ತೊಳ್ದು, ಚಿಲಕ ಹಾಕ್ಕೊಂಡು ಗೊರಕೆ! 'ನಿಮ್ಮ ರೈಲು ನಂಬಿದ್ರೆ ಉಪವಾಸ ಸಾಯ್ಬೇಕಷ್ಟೆ' ಅನ್ನೋಳು..." ಭಾವನ ಕಣ್ಣು ಕೆಂಪು ಸಿಗ್ನಲ್ಲಿನ ಮೇಲೆ ನಿಂತಿತು. ಮತ್ತೆ ಮೆಲ್ಲಗೆ, "ಅವತ್ತೂ ಕಾದಿರಲ್ಲ ಕಣೋ. ಕಾಯೋ ಜಾತಿನೇ ಅಲ್ಲ ಅವಳು," ಎಂದರು.

ಕೈ ಸ್ವಿಚ್ಚಿಗೆ ಹೋಯಿತು. ಕೆಂಪು ಹೋಗಿ ಹಸಿರಾಯಿತು. ರೈಲು ಮುಗ್ಗರಿಸಿ, ತುಕ್ಕು ಕೆರೆಯುತ್ತ ತೆವಳಿ, ಪ್ಲಾಟ್‌ಫಾರ್ಮಿಗೆ ಬಂದು ನಿಂತಿತು. ಇಳಿಯುವವರಿಲ್ಲ, ಕಾಯುವವರೂ ಇಲ್ಲ. ಗಿಳಿ ನಗಲು ಹೋಗಿ ಮೂಗೊರೆಸಿಕೊಂಡ. ಭಾವ ಮಾತ್ರ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, ಹಲಗೆ ಅದುರಿ ಬೆಂಕಿಕಡ್ಡಿಯ ಬೇಲಿ ಉರುಳುವಷ್ಟು ಜೋರಾಗಿ ನಗುತ್ತಿದ್ದರು.