ಕೋಟಿನ ಗುಲಾಬಿ ಚೀಟಿ

ಬ್ಯಾಂಡ್ ಮಾಸ್ತರರಿಗೆ ತಮ್ಮ ಕಪ್ಪು ಉಣ್ಣೆ ಕೋಟಿನ ಮೇಲಿದ್ದಷ್ಟು ಅಕ್ಕರೆ ಹೆಂಡತಿಯ ಮೇಲಿತ್ತೋ ಇಲ್ಲವೋ, ಹೇಳುವುದು ಕಷ್ಟ. ಕೋಟಿಗೆ ಮನೆಯ ನೀರು ಸೋಕಕೂಡದು; ತಿಂಗಳಿಗೆರಡು ಸಲ ಡ್ರೈ ಕ್ಲೀನಿಂಗೇ ಆಗಬೇಕು. ಅದಕ್ಕೆಂದು ಹೆಂಡತಿಯ ಕೈಗೆ ದುಡ್ಡು ಕೊಡುತ್ತಿದ್ದರು.

ಆಕೆ ಅಂಗಡಿಯ ಬೀದಿಯತ್ತ ತಲೆಯನ್ನೂ ಹಾಕುತ್ತಿರಲಿಲ್ಲ. ಸೀದಾ ತನ್ನ ಅಕ್ಕನ ಮನೆಗೆ ಹೋಗಿ ಕೋಟಿಗೆ ಬ್ರಷ್ ಹೊಡೆದು, ವಿನೆಗರ್ ನೀರಲ್ಲಿ ಹಿಂಡಿದ ಬಟ್ಟೆಯಿಂದ ಕಾಲರನ್ನೂ ಕಂಕುಳನ್ನೂ ಒರೆಸಿ, ನೆರಳಲ್ಲಿ ಆರಿಸಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡುತ್ತಿದ್ದಳು. ಕೊನೆಗೆ, ಎಂದೋ ಅಂಗಡಿಯವರು ಹಾಕಿದ್ದ ಗುಲಾಬಿ ಬಣ್ಣದ ನಂಬರ್ ಚೀಟಿಯನ್ನು ಗುಂಡಿಗೆ ಕಟ್ಟುತ್ತಿದ್ದಳು. ಮಾಸ್ತರರು ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟು, "ಅಂಗಡಿ ಕೆಲಸ ಅಂದ್ರೆ ಅಂಗಡಿ ಕೆಲಸ ನೋಡು," ಎನ್ನುವರು. ಆಕೆ ನಗು ನುಂಗಿಕೊಂಡು ಚೀಟಿಯನ್ನು ಸೂಜಿ ಡಬ್ಬಿಗೆ ಸೇರಿಸುವಳು.

ದುಡ್ಡು ಅಕ್ಕನ ಕಪಾಟಿನಲ್ಲಿ ಬೆಳೆಯುತ್ತಿತ್ತು. ಐವತ್ತೈದನೇ ವಯಸ್ಸಿನಲ್ಲಿ ಆಕೆಗೆ ಸೈಕಲ್ಲಿನ ಹುಚ್ಚು ಹಿಡಿದಿತ್ತು. ಹೇಳಿದರೆ ಗಂಡ ಬಿದ್ದು ಬಿದ್ದು ನಕ್ಕಾರೆಂಬ ಭಯ. ಈ ಸಲದ್ದು ಸೇರಿದರೆ ಸೈಕಲ್ಲಿನ ಬೆಲೆ ಪೂರ್ತಿಯಾಗುತ್ತಿತ್ತು.

ಈ ಸಲವೇ ಚೀಟಿ ಕೈಕೊಟ್ಟಿತು. ಎರಡು ವರ್ಷ ದುಡಿದು ಸವೆದ ಕಾಗದ ಇಸ್ತ್ರಿಯ ಹಬೆಗೆ ಮುದ್ದೆಯಾಯಿತು. "ಹಾಕೋದು ಮರೆತ್ರು ಅಂದ್ಬಿಡು," ಎಂದಳು ಅಕ್ಕ. ಆಕೆ ಎದೆ ಗಟ್ಟಿ ಮಾಡಿಕೊಂಡು ಮನೆಗೆ ಬಂದು ಹಾಗೆಯೇ ಹೇಳಿದಳು.

ಮಾಸ್ತರರು ಕೋಟನ್ನು ಹಿಂದೆ ಮುಂದೆ ತಿರುಗಿಸಿದರು. "ಮರೆತ್ರಾ?"

"ಹೂಂ. ಅಂಗಡೀಲಿ ತುಂಬಾ ರಶ್ಶು."

"ಇರ್ಬೇಕು, ಇರ್ಬೇಕು." ಅವರು ತುತ್ತೂರಿಯ ಪೆಟ್ಟಿಗೆ ತೆರೆದು, ತಳದಿಂದ ಗುಲಾಬಿ ಚೀಟಿಗಳ ದಪ್ಪ ಕಟ್ಟೊಂದನ್ನು ತೆಗೆದು ಆಕೆಯ ಮುಂದಿಟ್ಟರು. "ಆ ಅಂಗಡಿ ಮುಚ್ಚಿ ಒಂದು ವರ್ಷ ಆಯ್ತು ಕಣೇ. ಮುಚ್ಚೋ ದಿನ ಮಾಲೀಕನ ಹತ್ರ ಇಸ್ಕೊಂಡು ಬಂದೆ. ಪ್ರತಿ ಸಲ ಅದೇ ನಂಬರ್ ಹೊತ್ತು ಬರೋ ನಿನ್ನ ಚೀಟಿ ಆಗ್ಲೇ ಹರಿಯೋ ಹಾಗಿತ್ತು."

ಆಕೆಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. "ಗೊತ್ತಿದ್ದೂ ದುಡ್ಡು ಕೊಡ್ತಿದ್ರಾ?"

"ಅವ್ನಿಗಿಂತ ಚೆನ್ನಾಗಿ ಮಾಡ್ತಿದ್ದೆ, ಕೂಲಿ ಕೊಡ್ಬೇಡ್ವಾ? ಏನಕ್ಕೆ ಕೂಡಿಡ್ತಿದೀಯ, ಅದು ಮಾತ್ರ ಗೊತ್ತಾಗ್ಲಿಲ್ಲ."

"ಸೈಕಲ್ಲಿಗೆ," ಎಂದಳು ನೆಲ ನೋಡುತ್ತ. "ನಂಗೇ."

ಅವರು ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, "ಸೈಕಲ್ ಅಂಗಡಿ ಮುಚ್ಚೋದ್ರೊಳಗೆ ಹೋಗೋಣ, ನಡಿ," ಎಂದರು.

ಮರುದಿನ ಬೆಳಿಗ್ಗೆ ಕಾರ್ಯಕ್ರಮಕ್ಕೆ ಹೊರಟು ನಿಂತಿದ್ದ ಮಾಸ್ತರರು ಕಪ್ಪು ಕೋಟಿನಲ್ಲೇ ಸೀಟು ಹಿಡಿದು ಸೈಕಲ್ಲಿನ ಹಿಂದೆ ಓಡುತ್ತಿದ್ದರು. ಹಿಂದಿನ ಚಕ್ರ ಕೆಸರು ಹಾರಿಸುತ್ತಿತ್ತು.

"ಬಿಡ್ರೀ, ಕೋಟು ಹಾಳಾಗತ್ತೆ," ಎಂದಳು ಆಕೆ.

"ನೀನು ತುಳಿ," ಎಂದರು ಮಾಸ್ತರರು ಏದುಸಿರು ಬಿಡುತ್ತ. "ಚೀಟಿ ಬೇಕಾದಷ್ಟಿದೆ."